ಹೊಲದ ಕೆಲಸದಲ್ಲಿದ್ದ ಎಂ. ಎಲ್. ಸಾಮಿ

ಸುಳ್ಳು ಹೇಳದೆ ಯಾರೂ ದೊಡ್ಡ ಮನುಷ್ಯರಾಗಲಾರರು ಎಂದು ಉಡುಮಲೈಪೇಟೆ ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಲ್ಲಾಂಪಟ್ಟಿಯ ಗೌಡರ ಮನೆ ಹಿರಿಯ ಅಳಿಯ ಮೈಲ್‌ಸಾಮಿ ಈ ಮಾತಿಗೆ ಅಪವಾದ. ಕೇಳಿದ ಪ್ರಶ್ನೆಗೆಲ್ಲ ಸತ್ಯವನ್ನೇ ನುಡಿದು, ಒಂದು ಮದುವೆ ಊಟ ಮುಗಿಯುವಷ್ಟರಲ್ಲಿ ಅವನು ಕೊಯಮತ್ತೂರಿನ ಕಾಲೇಜಿನ ಮಹಾಪಂಡಿತನಾಗಿ ಎದ್ದು ಕೈ ತೊಳೆದುಕೊಂಡ.

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ, ಜೂನ್ ನಡುವೆ ಆಗತಾನೆ ಹುಟ್ಟಿದ ತಮಿಳರ ಆನಿ ತಿಂಗಳು. ಮಾವ ಕರುಪ್ಪುಸಾಮಿ ಗೌಡರ ತಮ್ಮನ ಮಗನ ಮದುವೆ. ಗೌಡರಿಗೆ ಇಬ್ಬರು ಅಳಿಯಂದಿರು. ಕಿರಿಯವನು ಶಿವಲಿಂಗಂ, ಪೀಳಮೇಡಿನ ಒಂದು ನೂಲಿನ ಗಿರಣಿಯಲ್ಲಿ ಮೇಸ್ತ್ರಿ. ಕೈಗೆ ಗಡಿಯಾರ ಕಟ್ಟಿಕೊಂಡು, ಯಾರೂ ಕೇಳದಿದ್ದರೂ ಗಂಟೆ ಎಷ್ಟೆಂದು ಹೇಳುತ್ತಿದ್ದ. ಅವನಿಗೆ ಹಸೆಯ ಪಕ್ಕದಲ್ಲೇ ಜಮಖಾನ. ಹಿರಿಯವನಾದ ಮೈಲ್‌ಸಾಮಿಗೆ ನೀರಿನ ಹಂಡೆಯ ಪಕ್ಕದಲ್ಲಿ ಎಲ್ಲಿ ಸಿಕ್ಕಿದರೆ ಅಲ್ಲಿ. ಯಾಕೆಂದರೆ ಅವನ ಕೆಲಸ ಏನೆಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಕೆಲಸ ಇದು. ಕೊಯಮತ್ತೂರಿನ ಸರ್ಕಾರಿ ಬೇಸಾಯದ ಕಾಲೇಜಿನಲ್ಲಿ ಬಗೆಬಗೆಯ ಜೋಳವನ್ನು ಸಣ್ಣ ಸಣ್ಣ ತಾಕುಗಳಲ್ಲಿ ಬೆಳೆದು ಪರೀಕ್ಷೆ ನಡೆಸುತ್ತಿದ್ದರು. ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಮೈಲ್‌ಸಾಮಿ ಅಟ್ಟಣೆ ಹತ್ತಿ ಕೂತು, ತಗಡಿನ ಡಬ್ಬ ಬಡಿದು, ಕವಣೆ ಬೀಸಿ ಗಿಳಿ ಓಡಿಸಬೇಕು. ಉಳಿದ ದಿನ ಕಳೆ ಕೀಳಬೇಕು. ಹನ್ನೊಂದು ವರ್ಷದಿಂದ ಇದೇ ಕಾಯಕ.

ಊಟದ ಪಂಕ್ತಿಗೆ ತಡವಾಗಿ ಬಂದವರು ಮಣಿಯಗಾರ ಪೊನ್ನುಸಾಮಿ. ಊರಿನ ಕಂದಾಯ, ಹುಟ್ಟು, ಸಾವು, ಜಗಳ ಎಲ್ಲಕ್ಕೂ ಸರ್ಕಾರದ ಕಡೆಯ ಮನುಷ್ಯ ಅವರೇ. ಖಾಲಿ ಉಳಿದಿದ್ದ ಒಂದೇ ಎಲೆ ಮೈಲ್‌ಸಾಮಿಯ ಪಕ್ಕದ್ದು. ಕೂತ ಮೇಲೆ ಮಾತಾಡದಿದ್ದರೆ ಮಣಿಯಗಾರರಿಗೆ ಅನ್ನ ಇಳಿಯುವುದಿಲ್ಲ.

“ಮಾಪಿಳ್ಳೆ ಎಲ್ಲಿರೋದು?” ಎಂದು ಗೌಡರ ಅಳಿಯನನ್ನು ಕೇಳಿದರು.

“ಕೋವೈಲಿ. ಕಾಲೇಜ್‌ಲಿ.” ಕೊಯಮತ್ತೂರಿಗೆ ಅಲ್ಲಿಯವರ ಬಾಯಲ್ಲಿ ಕೋವೈ ಎಂದೇ ಹೆಸರು.

ಮಣಿಯಗಾರರ ತುತ್ತು ಅರ್ಧ ದಾರಿಯಲ್ಲಿ ನಿಂತಿತು. “ಕಾಲೇಜ್‌ಲಾ! ಅಲ್ಲಿ ಏನು?”

“ಚೋಳ.”

“ಚೋಳದಲ್ಲಿ?”

“ಕಿಳಿ.” ಆ ಸೀಮೆಯ ಮಾತಿನಲ್ಲಿ ಜೋಳ ಚೋಳವಾಗುತ್ತದೆ, ಗಿಳಿ ಕಿಳಿಯಾಗುತ್ತದೆ.

“ಎಷ್ಟು ವರ್ಷಾಯ್ತು?”

“ಹನ್ನೊಂದು.”

“ಹನ್ನೊಂದು ವರ್ಷ ಬರೀ ಕಿಳೀನಾ!”

“ಗುಬ್ಬಿನೂ ಉಂಟು. ಆದ್ರೆ ಕಿಳೀನೇ ಕಷ್ಟ. ಎಷ್ಟು ವರ್ಷ ನೋಡಿದ್ರೂ ಪೂರ್ತಿ ಗೊತ್ತಾಗಲ್ಲ.”

ಓದು ಹೆಚ್ಚಾದವರು ಹೀಗೆಯೇ ಗೊತ್ತಿಲ್ಲ ಎನ್ನುತ್ತಾರೆಂಬುದು ಮಣಿಯಗಾರರಿಗೆ ತಿಳಿದಿತ್ತು. ಅವರು ಸ್ವಲ್ಪ ಸರಿದು ಕೂತರು. “ದೊಡ್ಡ ಆಫೀಸರೆಲ್ಲ ನಿಮ್ಮತ್ರ ಮಾತಾಡ್ತಾರಾ?”

“ದಿನಾ ಬರ್ತಾರೆ. ‘ಮೈಲ್‌ಸಾಮಿ, ಇವತ್ತು ಹೇಗೆ?’ ಅಂತ ಕೇಳ್ತಾರೆ. ನಾನು ಹೇಳ್ತೀನಿ. ಬರ್ಕೊಂಡು ಹೋಗ್ತಾರೆ.”

ಇದೂ ಸತ್ಯ. ಯಾವ ತಾಕಿಗೆ ಎಷ್ಟು ಗಿಳಿ ಬಿದ್ದವೆಂದು ಪ್ರೊಫೆಸರರು ದಿನವೂ ಕೇಳಿ ಬರೆದುಕೊಳ್ಳುತ್ತಿದ್ದರು. ಆದರೆ ಸತ್ಯಕ್ಕೆ ಕಾಲಿಲ್ಲ, ಊಟದ ಪಂಕ್ತಿಗೆ ನೂರು ಬಾಯಿ. ನಾಲ್ಕನೆಯ ಎಲೆ ತಲುಪುವಷ್ಟರಲ್ಲಿ ಆಫೀಸರುಗಳು ಇವನು ಹೇಳಿದ್ದನ್ನು ಬರೆದು ಮದರಾಸಿಗೆ ಕಳಿಸುತ್ತಿದ್ದರು. ಹತ್ತನೆಯ ಎಲೆಯಲ್ಲಿ ಲಂಡನ್ನಿಗೆ. ಕೊನೆಯ ಎಲೆಯಲ್ಲಿ ಕೂತಿದ್ದ ಕಿವುಡಜ್ಜ, ರಾಜನ ಅರಮನೆಯ ಗಿಳಿಗೆ ಪಾಠ ಹೇಳಿದವನು ನಮ್ಮ ಗೌಡರ ಅಳಿಯನೇ ಎಂದು ತಿಳಿದು ಅಲ್ಲಿಂದಲೇ ಕೈ ಮುಗಿದ.

ಆಗ ಮಣಿಯಗಾರರು ತಮ್ಮ ನಿಜವಾದ ಸಂಕಟಕ್ಕೆ ಬಂದರು. ಆಗಸ್ಟ್ ಒಂದನೆಯ ತಾರೀಖಿನೊಳಗೆ ಕಂಬೋಡಿಯಾ ಎಂಬ ತಳಿಯ ಹಳೆಯ ಹತ್ತಿ ಗಿಡಗಳನ್ನೆಲ್ಲ ಬೇರುಸಮೇತ ಕೀಳಬೇಕೆಂದು ಸರ್ಕಾರದ ಹುಕುಂ ಬಂದಿತ್ತು. ಹಳೇ ಗಿಡದಲ್ಲಿ ಹುಳು ಮನೆ ಮಾಡಿ ಮುಂದಿನ ಬೆಳೆಗೆ ಹಬ್ಬುತ್ತದೆಂಬ ಹೆದರಿಕೆ ಸರ್ಕಾರಕ್ಕೆ. ಹಳೇ ಗಿಡದಲ್ಲಿ ಇನ್ನೊಂದು ಸುತ್ತು ಕಾಯಿ ಸಿಗುತ್ತದೆಂಬ ಆಸೆ ಊರಿಗೆ. ನಡುವೆ ಮಣಿಯಗಾರರು.

“ನೀವೇ ಹೇಳ್ಬಿಡಿ ಮಾಪಿಳ್ಳೆ. ಹತ್ತಿ ಗಿಡ ಕೀಳೋದಾ, ಬಿಡೋದಾ?”

ಅದೇ ಹೊತ್ತಿಗೆ ಪಾಯಸದ ಕೊಳಗ ಹಿಡಿದವನು ಎದುರು ಬಂದು ನಿಂತ. ಮೈಲ್‌ಸಾಮಿಗೆ ಆಗಲೇ ಮೂರು ಸಲ ಪಾಯಸವಾಗಿತ್ತು. ಅವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ, ತಲೆಯಾಡಿಸಿ, “ಇರ್ಲಿ... ಇರ್ಲಿ ಇರ್ಲಿ” ಎಂದ.

ಮಣಿಯಗಾರರು ಎದ್ದು ನಿಂತು ಪಂಕ್ತಿಗೆಲ್ಲ ಕೇಳುವಂತೆ ಸಾರಿದರು: “ಇರ್ಲಿ ಅಂದ್ರಪ್ಪಾ! ಕಾಲೇಜೇ ಹೇಳಿದ ಮೇಲೆ ಇನ್ನೇನು!”

ಏನು ಇರಲಿ, ಯಾಕೆ ಗದ್ದಲ ಎಂದು ಕೇಳುವಷ್ಟರಲ್ಲಿ ಮೈಲ್‌ಸಾಮಿಯ ಎಲೆಗೆ ನಾಲ್ಕನೆಯ ಸಲ ಪಾಯಸ ಬಿದ್ದಿತ್ತು. ಈ ಸಲ ಗೋಡಂಬಿಯೂ ಇತ್ತು. ಅವನು ಉಂಡ; ಉಂಡು, ಮಧ್ಯಾಹ್ನದ ಬಸ್ಸಿಗೆ ಕೋವೈಗೆ ಹೋದ.

ಒಂದು ತಿಂಗಳ ಮೇಲೆ ಒಂದು ಭಾನುವಾರ ಊರಿಗೆ ಬಂದಾಗ ಅವನಿಗೆ ಮಾವನ ಮನೆ ಗುರುತು ಸಿಗಲಿಲ್ಲ. ಜಗುಲಿಯ ಮೇಲೆ ಜಮಖಾನ. ಕಾಲಿಗೆ ನೀರು ತಂದವನು ಮೇಸ್ತ್ರಿ ಶಿವಲಿಂಗಂ. ಅವನು ಗಂಟೆ ಹೇಳುವುದನ್ನು ನಿಲ್ಲಿಸಿಬಿಟ್ಟಿದ್ದ. ಗೌಡರ ಅಕ್ಕ ನಾಚಿಯಮ್ಮ, ಇಷ್ಟು ವರ್ಷ ಅವನನ್ನು “ಏಯ್” ಎಂದು ಕರೆಯುತ್ತಿದ್ದವಳು, ಬಾಗಿಲ ಮರೆಗೆ ಸರಿದು ಸೆರಗು ಹೊದ್ದುಕೊಂಡಳು.

ಒಳಗೆ ಹೋದವನೇ ಮದುವೆಯಾದ ಮೇಲೂ ತವರಲ್ಲೇ ಉಳಿದಿದ್ದ ಹೆಂಡತಿ ರಾಮಾತಾಳನ್ನು ಕೇಳಿದ, “ಏನಾಗಿದೆ ಇವರಿಗೆಲ್ಲ?”

ರಾಮಾತಾಳಿಗೆ ಗಂಡನ ಕೆಲಸ ಗೊತ್ತಿತ್ತು. ಅವನ ಕವಣೆಗೆ ನಾರು ಹೊಸೆದುಕೊಡುತ್ತಿದ್ದವಳೇ ಅವಳು. ಊರೆಲ್ಲ ಅವನನ್ನು ಕಾಲೇಜಿನ ಮಹಾಪಂಡಿತನೆಂದು ನಂಬಿರುವುದನ್ನು ಹೇಳಿದಳು; ಹತ್ತಿಯ ಸುದ್ದಿ ಎತ್ತಲಿಲ್ಲ. ಮೈಲ್‌ಸಾಮಿ ತಲೆ ಮೇಲೆ ಕೈ ಹೊತ್ತು ಕೂತ. “ಈಗ್ಲೇ ಹೋಗಿ ಮಾಮನತ್ರ ಸತ್ಯ ಹೇಳ್ಬಿಡ್ತೀನಿ.”

“ಹೇಳಿ ನೋಡಿ!” ಎಂದಳು ರಾಮಾತಾಳ್. “ಹದಿನಾಲ್ಕು ವರ್ಷದಿಂದ ಈ ಮನೇಲಿ ನಾನು ಎಲ್ಲರ ಎಂಜಲೆಲೆ ಎತ್ತಿದ್ದೀನಿ. ಈ ಒಂದು ತಿಂಗಳು ನನ್ನ ತಂಗಿ, ಆ ಮೇಸ್ತ್ರಿ ಹೆಂಡ್ತಿ, ನನಗೆ ನೀರು ಸೇದಿಕೊಡ್ತಾ ಇದ್ದಾಳೆ. ನೀವೇನು ಸುಳ್ಳು ಹೇಳಿದ್ರಾ?”

“ಇಲ್ಲ.”

“ಮತ್ತೆ? ಹೇಳದಿರೋ ಸುಳ್ಳಿಗೆ ತಪ್ಪು ಒಪ್ಕೊಳ್ಳೋಕೆ ನಿಮಗೇನು ಹುಚ್ಚಾ?”

ಅವನು ಸಂಜೆಯ ಬಸ್ಸು ಹತ್ತಿದ.

ಆದರೆ ಹತ್ತಿ ಗಿಡಗಳು ಹಾಗೇ ನಿಂತಿದ್ದವು. ಜುಲೈ ಇಪ್ಪತ್ತಕ್ಕೆ ರೈತರಿಗೆ ಹೊಸ ಬೇಸಾಯ ತೋರಿಸಿಕೊಡುವ ಬೇಸಾಯ ಇಲಾಖೆಯ ಡೆಮಾನ್‌ಸ್ಟ್ರೇಟರ್ ಊರಿಗೆ ಬಂದರು. ಅವರ ಹುದ್ದೆಯ ಹೆಸರು ಯಾರ ನಾಲಿಗೆಗೂ ಹೊರಳದೆ, ಊರಿನವರು ‘ಡಿಮಾಂಡು ಸಾರ್’ ಎಂದು ಕರೆಯುತ್ತಿದ್ದರು. ತಂಜಾವೂರಿನ ಕಡೆಯ ಎಳೆಯ ಮನುಷ್ಯ. ಎರಡು ವರ್ಷದ ಹಿಂದೆ ಅದೇ ಕಾಲೇಜಿನಲ್ಲಿ ಓದಿ ಪಾಸಾದವರು. ಸಾಲುಸಾಲು ಹತ್ತಿ ನೋಡಿ ಅವರಿಗೆ ಬೆವರು ಕಿತ್ತುಬಂತು.

“ಯಾಕ್ರೀ ಕಿತ್ತಿಲ್ಲ? ಹುಕುಂ ಓದಿಲ್ವಾ?”

“ನಿಮ್ಮ ಕಾಲೇಜೇ ಇರ್ಲಿ ಅಂದಿದೆ,” ಎಂದರು ಮಣಿಯಗಾರರು ಎದೆಯುಬ್ಬಿಸಿ. “ಬೇಕಾದ್ರೆ ಕೇಳ್ಕೊಳ್ಳಿ. ಮೈಲ್‌ಸಾಮಿ.”

“ಎಂ. ಎಲ್. ಸಾಮಿ?” ಎಂದು ಡಿಮಾಂಡು ಸಾರ್ ಕಿಸೆಯ ಪುಸ್ತಕದಲ್ಲಿ ಬರೆದುಕೊಂಡರು. ತಾವು ಓದುವಾಗ ಅಂಥ ಪ್ರೊಫೆಸರು ಇದ್ದ ನೆನಪಿಲ್ಲ. ಆದರೆ ತಾವು ಎಷ್ಟೋ ತರಗತಿಗಳಿಗೆ ಹೋಗಿರಲಿಲ್ಲ ಎಂಬ ನೆನಪು ಚೆನ್ನಾಗಿತ್ತು. ಮೇಲಿನವರನ್ನು ಎದುರು ಹಾಕಿಕೊಂಡರೆ ವರ್ಗ ಮಾಡಿಯಾರೆಂದು ಹೆದರಿ, ಅಂದೇ ಕಾಲೇಜಿಗೆ ಒಂದು ಪತ್ರ ಬರೆದರು: ಹಳೆಯ ಹತ್ತಿ ಗಿಡ ಉಳಿಸಬಹುದೆಂದು ಶ್ರೀ ಎಂ. ಎಲ್. ಸಾಮಿಯವರು ಅಭಿಪ್ರಾಯಪಟ್ಟಿರುವುದು ನಿಜವೇ?

ಕಾಲೇಜಿನ ಕಚೇರಿಯಲ್ಲಿ ಈ ಪತ್ರ ಹೆಡ್ ಗುಮಾಸ್ತ ಕುಪ್ಪಸಾಮಿಯ ಮೇಜಿಗೆ ಬಂತು. ಅವರು ರಿಜಿಸ್ಟರು ನೋಡಿದರು. ಎಂ. ಎಲ್. ಸಾಮಿ ಇಲ್ಲ. ಇಲ್ಲ ಎಂದು ಬರೆದರೆ, ಯಾಕೆ ಇಲ್ಲ, ಎಂದಿನಿಂದ ಇಲ್ಲ, ಇಲ್ಲದವರು ಅಭಿಪ್ರಾಯ ಹೇಗೆ ಕೊಟ್ಟರು ಎಂದು ಮೂರು ಪತ್ರ ಬರುತ್ತವೆ. ಇದ್ದಾರೆ ಎಂದರೆ ಒಂದಕ್ಕೇ ಮುಗಿಯುತ್ತದೆ. ಮೂವತ್ತು ವರ್ಷದ ಅನುಭವ ಸುಮ್ಮನೆ ಬರುವುದಿಲ್ಲ. ಕುಪ್ಪಸಾಮಿ ಉತ್ತರ ಬರೆಸಿದರು: “ಶ್ರೀ ಎಂ. ಎಲ್. ಸಾಮಿಯವರು ಸದ್ಯ ಹೊಲದ ಕೆಲಸದಲ್ಲಿದ್ದಾರೆ. ಖುದ್ದಾಗಿ ಬಂದು ಕಾಣುವುದು.”

ಈ ಕಥೆಯಲ್ಲಿ ಸರ್ಕಾರವೂ ಸುಳ್ಳು ಹೇಳಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಡಿಮಾಂಡು ಸಾರ್ ತಂದು ತೋರಿಸಿದ ಪತ್ರ ನೋಡಿ ನಲ್ಲಾಂಪಟ್ಟಿ ಕುಣಿದಾಡಿತು. ಶ್ರೀ ಅಂತೆ! ಮೊಹರು ಬೇರೆ! ಜುಲೈ ಇಪ್ಪತ್ತೆಂಟಕ್ಕೆ ಡಿಮಾಂಡು ಸಾರ್ ಕಾಲೇಜಿಗೆ ಹೊರಟರೆ ಹಿಂದೆಯೇ ಇಪ್ಪತ್ತಮೂರು ಜನ ಬಸ್ಸು ಹತ್ತಿದರು. ಗೌಡರು ಸಾಕ್ಷಿಗೆಂದು ತಮ್ಮ ಹೊಲದ ಒಂದು ಹತ್ತಿ ಗಿಡವನ್ನು ಬೇರುಸಮೇತ ಕಿತ್ತು ಹೆಗಲ ಮೇಲೆ ಹೊತ್ತಿದ್ದರು. ನಾಚಿಯಮ್ಮ ಬಂದಳು. ಬೇಡ ಬೇಡ ಎಂದು ಎಷ್ಟು ಹೇಳಿದರೂ ಯಾರೂ ಕೇಳದಿದ್ದಾಗ, ಮುಖ ಸಣ್ಣಗೆ ಮಾಡಿಕೊಂಡು ರಾಮಾತಾಳೂ ಬಂದಳು.

ಕೆಂಪು ಕಟ್ಟಡ ನೋಡಿ ಎಲ್ಲರೂ ಚಪ್ಪಲಿ ಕಳಚಿ ಕೈಲಿ ಹಿಡಿದರು. ಹಿಂದಿನ ಹೊಲದಲ್ಲಿ ಬಿ.ಎಸ್‌ಸಿ. ಹುಡುಗರು ಉಳುತ್ತಿದ್ದರು. ಪುಸ್ತಕದ ಜೊತೆ ನೇಗಿಲನ್ನೂ ಕಲಿಯಬೇಕೆಂಬುದು ಅಲ್ಲಿಯ ಕಟ್ಟಳೆ. ಚಡ್ಡಿ, ಬೂಟು, ತಲೆಗೆ ಟೋಪಿ. ಎತ್ತುಗಳು ಒಂದು ಕಡೆ, ನೇಗಿಲು ಒಂದು ಕಡೆ, ಹುಡುಗ ಇನ್ನೊಂದು ಕಡೆ.

“ಅಯ್ಯೋ ಪಾವಂ,” ಎಂದಳು ನಾಚಿಯಮ್ಮ. “ಮಗ ಓದ್ತಾನೆ ಅಂತ ಅಪ್ಪ ಅಲ್ಲಿ ನಂಬ್ಕೊಂಡಿದ್ದಾನೆ. ಇವನು ಇಲ್ಲಿ ಉಳ್ತಾ ಇದ್ದಾನೆ!” ನೋಡಲಾರದೆ ಹೊಲಕ್ಕಿಳಿದು, ಒಬ್ಬನ ಕೈಯಿಂದ ನೇಗಿಲು ಕಸಿದುಕೊಂಡು, ನಾಲ್ಕು ಸಾಲು ದಾರ ಹಿಡಿದಂತೆ ಉತ್ತು ತೋರಿಸಿದಳು. ಹುಡುಗ “ಥ್ಯಾಂಕ್ಯೂ ಮೇಡಂ” ಎಂದ. ಆ ದಿನ ಆ ಕಾಲೇಜಿನಲ್ಲಿ ನಡೆದ ಅತ್ಯುತ್ತಮ ಪಾಠ ಅದೇ.

ಮಣಿಯಗಾರರು ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದಿದ್ದರು. “ಗೊತ್ತಾಯ್ತಾ ಗೌಡರೇ? ಹೊಸದಾಗಿ ಸೇರಿದೋರು ಉಳ್ಬೇಕು. ಪಾಸಾದೋರು ನಿಲ್ಬೇಕು. ಎಲ್ಲರಿಗಿಂತ ಮೇಲೆ ಪಾಸಾದೋರು ಕೂತ್ಕೋಬೋದು.”

ಹೀಗೆನ್ನುತ್ತ ಜೋಳದ ಹೊಲದ ತಿರುವು ದಾಟಿದರು. ಅಲ್ಲಿ ಇಪ್ಪತ್ತು ವಿದ್ಯಾರ್ಥಿಗಳು ಪುಸ್ತಕ ಪೆನ್ಸಿಲು ಹಿಡಿದು ತಲೆಯೆತ್ತಿ ನಿಂತಿದ್ದರು. ಬಿಸಿಲು ಟೋಪಿಯ ಪ್ರೊಫೆಸರರೂ ತಲೆಯೆತ್ತಿ ನಿಂತಿದ್ದರು. ಅವರೆಲ್ಲರ ಮೇಲೆ, ಹನ್ನೆರಡಡಿ ಎತ್ತರದ ಅಟ್ಟಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು ಮೈಲ್‌ಸಾಮಿ ಕೂತಿದ್ದ.

“ಹನ್ನೆರಡನೇ ತಾಕಿಗೆ ನಲ್ವತ್ತು,” ಎಂದ ಮೈಲ್‌ಸಾಮಿ ತಮಿಳಿನಲ್ಲಿ. ಇಪ್ಪತ್ತು ಪೆನ್ಸಿಲು ಬರೆದವು. “ಹದಿಮೂರಕ್ಕೆ ಆರೇ.”

“ಹದಿಮೂರಕ್ಕೆ ಯಾಕೆ ಕಡಿಮೆ?” ಎಂದು ಪ್ರೊಫೆಸರರು ಕೆಳಗಿಂದ ಕೇಳಿದರು.

“ಅದರ ತೆನೆ ಬಗ್ಗಿಕೊಂಡಿದೆ ಸಾಮಿ. ಕಿಳಿಗೆ ಕೂತು ತಿನ್ನೋಕೆ ಜಾಗ ಇಲ್ಲ.”

ಪ್ರೊಫೆಸರರು ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲಿ ಅದು ನಾಲ್ಕು ಪಟ್ಟು ಉದ್ದವಾಯಿತು. ಎಲ್ಲರೂ ಬರೆದುಕೊಂಡರು.

ಗೌಡರ ಕಣ್ಣಲ್ಲಿ ನೀರು ಬಂತು. ಡಿಮಾಂಡು ಸಾರ್ ಅಂಗಿಯ ಗುಂಡಿ ಹಾಕಿಕೊಂಡರು. ಇಪ್ಪತ್ತಮೂರು ಜನರೂ ಕೈಲಿದ್ದ ಚಪ್ಪಲಿ ನೆಲಕ್ಕಿಟ್ಟು ಕೈ ಮುಗಿದರು.

ಅಟ್ಟಣೆಯ ಮೇಲಿಂದ ಇವರನ್ನು ಕಂಡ ಮೈಲ್‌ಸಾಮಿ ಇಳಿದು ಓಡಿಬಂದ. ಗುಂಪಿನ ಹಿಂದೆ ರಾಮಾತಾಳ್ ತಲೆಯಾಡಿಸುತ್ತಿದ್ದಳು, ಹೇಳಬೇಡಿ ಹೇಳಬೇಡಿ ಎಂದು. ಅವನಿಗೆ ಇನ್ನು ತಡೆಯಲಾಗಲಿಲ್ಲ.

“ಮಾಮ, ಕೇಳಿ. ನಾನು ವಾದ್ಯಾರ್ ಅಲ್ಲ, ಮೇಷ್ಟ್ರು ಅಲ್ಲ, ಏನೂ ಅಲ್ಲ. ಇಲ್ಲಿ ಹಕ್ಕಿ ಓಡಿಸೋನು. ಅಷ್ಟೇ.”

ಮಣಿಯಗಾರರು ಡಿಮಾಂಡು ಸಾರ್ ಕಡೆ ತಿರುಗಿದರು. “ನೋಡಿದ್ರಾ ಸಾರ್? ನಮ್ಮ ತಾಲೂಕು ಕಚೇರಿ ಜವಾನ ಕೂಡ ತಹಸೀಲ್ದಾರ್ ನಾನೇ ಅನ್ನೋ ಹಾಗೆ ಮಾತಾಡ್ತಾನೆ. ಇವರು ನೋಡಿ, ಎಷ್ಟು ವಿನಯ!”

“ನಿಜವಾಗ್ಲೂ ಹಕ್ಕಿ ಓಡಿಸೋನೇ!” ಮೈಲ್‌ಸಾಮಿ ಕೂಗಿದ.

“ಸಾಕು ಮಾಪಿಳ್ಳೆ, ಸಾಕು,” ಗೌಡರು ಟವೆಲಿನಿಂದ ಕಣ್ಣೊರೆಸಿಕೊಂಡರು. “ಇಷ್ಟು ದೊಡ್ಡೋರಾಗಿ ಹೀಗೆ ತಗ್ಗಿ ಮಾತಾಡಿದ್ರೆ ನನ್ನ ಎದೆ ಒಡೆಯುತ್ತೆ. ಹತ್ತಿ ಗಿಡ ಇರ್ಲಿ ಅಂದಿದ್ರಲ್ಲ, ಅದನ್ನ ಈ ಸಾರ್‌ಗೆ ಒಂದ್ಸಲ ಹೇಳ್ಬಿಡಿ.”

“ನಾನೆಲ್ಲಿ ಅಂದೆ?”

“ಮದುವೆ ಊಟದಲ್ಲಿ!” ಎಂದರು ಮಣಿಯಗಾರರು. “ನಾನು ಕೇಳ್ದೆ, ನೀವು ಇರ್ಲಿ ಇರ್ಲಿ ಅಂದ್ರಿ.”

“ಅದು ಪಾಯಸಕ್ಕೆ!”

“ಪಾಯಸಕ್ಕಾ?”

ಮಣಿಯಗಾರರ ಮುಖ ಮೊದಲ ಸಲ ಬಾಡಿತು. ಇಡೀ ಊರಿನ ಹತ್ತಿ ಒಂದು ಸೌಟು ಪಾಯಸದ ಮೇಲೆ ನಿಂತಿತ್ತೆಂದು ಹೊಳೆದಾಗ ಯಾರಿಗೂ ನಗು ಬರಲಿಲ್ಲ. ಮೈಲ್‌ಸಾಮಿ ಮಾವನ ಹೆಗಲ ಮೇಲಿದ್ದ ಗಿಡವನ್ನು ಕಿತ್ತುಕೊಂಡ. ಬುಡದ ಹತ್ತಿರ ಕಾಂಡ ಗಂಟುಗಟ್ಟಿ ಊದಿತ್ತು. ಮೊಣಕಾಲಿಗೆ ಕೊಟ್ಟು ಲಟ್ಟನೆ ಮುರಿದು, ಮಣಿಯಗಾರರ ಅಂಗೈ ಮೇಲೆ ಕೊಡವಿದ. ಬಿಳಿಯ ಹುಳುವೊಂದು ಬಿದ್ದು ಮುದುಡಿಕೊಂಡಿತು.

“ನೋಡಿ, ಕಾಂಡದೊಳಗೆ ಕೂತಿದೆ. ಈ ಗಿಡ ಬಿಟ್ರೆ ಇದು ಹೊಸ ಗಿಡಕ್ಕೆ ಹೋಗುತ್ತೆ. ಕಾಯಿ ಬಿಡೋ ಮೊದ್ಲೇ ಗಿಡ ಮುರಿದು ಬೀಳುತ್ತೆ. ಕಿತ್ತು ಸುಟ್ಬಿಡಿ ಮಾಮ. ನಿಮ್ಮ ಕಾಲು ಹಿಡೀತೀನಿ.”

“ಇದನ್ನು ನಿನಗೆ ಯಾರಯ್ಯ ಹೇಳಿಕೊಟ್ಟದ್ದು?” ಪ್ರೊಫೆಸರರು ಬೆರಗಾಗಿ ಕೇಳಿದರು.

“ನಿಮ್ಮ ಹುಡುಗರು ನನ್ನ ಅಟ್ಟಣೆ ನೆರಳಲ್ಲೇ ಕೂತು ಓದ್ತಾರೆ ಸಾಮಿ. ಮೇಲಿದ್ದೋನಿಗೂ ಕೇಳಿಸುತ್ತಲ್ಲ.”

ಹತ್ತಿ ಗಿಡ ಕೀಳಲೇಬೇಕೆಂದು ಪ್ರೊಫೆಸರರೂ ಹೇಳಿದರು. ಗೌಡರು ಹುಳುವನ್ನು ಬಹಳ ಹೊತ್ತು ನೋಡಿ, “ನಾಳೆ ಬೆಳಿಗ್ಗೆ ನನ್ನ ಹೊಲದಿಂದಲೇ ಶುರು,” ಎಂದರು. ಡಿಮಾಂಡು ಸಾರ್ ಕಿಸೆಯ ಪುಸ್ತಕ ತೆಗೆದು, ‘ಶ್ರೀ ಎಂ. ಎಲ್. ಸಾಮಿಯವರು ಹುಕುಮನ್ನು ಅನುಮೋದಿಸಿದ್ದಾರೆ’ ಎಂದು ಬರೆದುಕೊಂಡು ನಿಟ್ಟುಸಿರುಬಿಟ್ಟರು.

ಎಲ್ಲ ಸುಖವಾಗಿ ಮುಗಿಯಿತೆನ್ನುವಾಗ ಪ್ರೊಫೆಸರರು ಹೊಲದ ಕಡೆ ತಿರುಗಿದರು. ಡಬ್ಬದ ಸದ್ದು ನಿಂತು ಅರ್ಧ ಗಂಟೆಯಾಗಿತ್ತು. ಹದಿನಾಲ್ಕನೆಯ ತಾಕು ಹಸಿರಾಗಿತ್ತು. ಆದರೆ ಅದು ಜೋಳದ ಹಸಿರಲ್ಲ. ಮೈಲ್‌ಸಾಮಿ ಚೀರಿಕೊಂಡು ಓಡಿದ. ಇನ್ನೂರು ಗಿಳಿಗಳು ಒಟ್ಟಿಗೆ ಎದ್ದವು. ಕೆಳಗೆ ಖಾಲಿ ದಂಟುಗಳು ನಿಂತಿದ್ದವು. ಮೂರು ವರ್ಷ ಕಷ್ಟಪಟ್ಟು ಬೆರಸಿದ ಹೊಸ ತಳಿ. ಬೀಜಕ್ಕೆಂದು ಉಳಿದದ್ದು ಒಂದೂವರೆ ತೆನೆ.

ಪ್ರೊಫೆಸರರು ಟೋಪಿ ತೆಗೆದರು, ಮತ್ತೆ ಹಾಕಿದರು. ಕೂಗಾಡಲಿಲ್ಲ. “ಇನ್ನು ನೀನು ಇಲ್ಲಿರುವುದು ಬೇಡ, ಮೈಲ್‌ಸಾಮಿ. ಊರಿಗೆ ಹೋಗು,” ಎಂದಷ್ಟೇ ಹೇಳಿ, ಬೆನ್ನು ತಿರುಗಿಸಿ ನಡೆದರು.

ಹನ್ನೊಂದು ವರ್ಷದ ಅನ್ನ ಒಂದು ಮಾತಿಗೆ ಹೋಯಿತು. ಮೈಲ್‌ಸಾಮಿ ಅಲ್ಲೇ ಬದುವಿನ ಮೇಲೆ ಕುಸಿದು ಕೂತ. ರಾಮಾತಾಳ್ ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣಲ್ಲೂ ನೀರಿತ್ತು.

ಮಣಿಯಗಾರರ ಕಣ್ಣಲ್ಲಿಯೂ ನೀರಿತ್ತು, ಆದರೆ ಕಾರಣ ಬೇರೆ. “ಕೇಳಿದ್ರಾ ಗೌಡರೇ?” ಎಂದು ಪಿಸುಗುಟ್ಟಿದರು. “ನಮ್ಮೂರಿಗೆ ಬೇಕಾದೋರು ಅಂತ ಗೊತ್ತಾಗಿ ಬಿಟ್ಟುಕೊಟ್ರು. ದೊಡ್ಡ ಮನಸ್ಸು!”

ನಲ್ಲಾಂಪಟ್ಟಿಯ ಹಳೇ ಹತ್ತಿ ಮೂರೇ ದಿನದಲ್ಲಿ ಕಿತ್ತು ಬೂದಿಯಾಯಿತು. ಡಿಮಾಂಡು ಸಾರ್‌ಗೆ ಮೇಲಿನವರಿಂದ ಶಾಭಾಸ್ ಬಂತು. ಎಂ. ಎಲ್. ಸಾಮಿಯ ಹೆಸರಿಗೆ ಬೇರೆ ಊರುಗಳಿಂದಲೂ ಪತ್ರ ಬರತೊಡಗಿದವು. ಕುಪ್ಪಸಾಮಿ ಎಲ್ಲಕ್ಕೂ ‘ಹೊಲದ ಕೆಲಸದಲ್ಲಿದ್ದಾರೆ’ ಎಂದೇ ಉತ್ತರ ಬರೆಸುತ್ತಿದ್ದರು. ಕೆಲಸದಿಂದ ತೆಗೆದದ್ದು ಮೈಲ್‌ಸಾಮಿಯನ್ನು, ಎಂ. ಎಲ್. ಸಾಮಿಯನ್ನು ಯಾರೂ ತೆಗೆದಿರಲಿಲ್ಲ.

ಮೈಲ್‌ಸಾಮಿ ಮಾವನ ಜಗುಲಿಯ ಮೇಲೆ ಕೂತ. ಗುದ್ದಲಿ ಮುಟ್ಟಿದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಎತ್ತಿನ ಹಗ್ಗ ಹಿಡಿದರೆ, “ಬಿಡಿ ಬಿಡಿ, ನಾವಿಲ್ವಾ!” ಎನ್ನುತ್ತಿದ್ದರು. ಆವಣಿ, ಪುರಟ್ಟಾಸಿ, ಐಪ್ಪಸಿ, ಕಾರ್ತಿಗೈ ಎಂದು ತಿಂಗಳ ಮೇಲೆ ತಿಂಗಳು ಕಳೆದವು. ಬಿಸಿ ಅನ್ನ, ತುಪ್ಪ, ನಮಸ್ಕಾರ. ಇಷ್ಟು ಮರ್ಯಾದೆಯಲ್ಲಿ ಮನುಷ್ಯ ಎಷ್ಟು ದಿನ ಬದುಕಬಹುದು? ಮೈಲ್‌ಸಾಮಿ ಸೊರಗಿದ.

ಮಾರ್ಗಳಿ ತಿಂಗಳ ಚಳಿಯಲ್ಲಿ ಗೌಡರ ಹೊಲದ ಜೋಳ ಹಾಲುಗಟ್ಟಿತು. ಗಿಳಿಗಳು ಬಂದವು. ನಾಚಿಯಮ್ಮ ಕೋಲು ಬೀಸಿದಳು; ಶಿವಲಿಂಗಂ ರಜಾ ಹಾಕಿ ಬಂದು ಚಪ್ಪಾಳೆ ತಟ್ಟಿದ. ಅವು ಈ ತೆನೆ ಬಿಟ್ಟು ಆ ತೆನೆಗೆ ಕೂತವು.

“ಮಾಮ, ನಾನು ಓಡಿಸ್ತೀನಿ,” ಎಂದು ಮೈಲ್‌ಸಾಮಿ ಬೇಡಿಕೊಂಡ.

“ಅಯ್ಯೋ, ಬಾಯಲ್ಲೂ ಅನ್ಬೇಡಿ! ಓದಿದ ಅಳಿಯನ್ನ ಹಕ್ಕಿ ಓಡಿಸೋಕೆ ಬಿಟ್ಟ ಅಂತ ಊರು ನನ್ನ ಮುಖಕ್ಕೆ ಉಗಿಯುತ್ತೆ. ಹೋದ್ರೆ ಚೋಳ ಹೋಗ್ಲಿ!”

ಮೂರು ದಿನ ತಡೆದ. ನಾಲ್ಕನೆಯ ಬೆಳಿಗ್ಗೆ ಗಿಳಿಗಳ ಕೂಗು ಕೇಳುತ್ತಲೇ, ಕುಡಿಯುತ್ತಿದ್ದ ಕಾಫಿಯ ಲೋಟ ಕೆಳಗಿಟ್ಟು, ಅಡಿಗೆಮನೆಯಿಂದ ಎಣ್ಣೆ ಡಬ್ಬವೊಂದನ್ನು ಎತ್ತಿಕೊಂಡು ಓಡಿದ. ಪಂಚೆ ಎತ್ತಿ ಕಟ್ಟಿ, ಜೋಳದ ನಡುವೆ ನುಗ್ಗಿ, ಡಬ್ಬ ಬಡಿದು, ಎದೆ ಬಿರಿಯುವಂತೆ “ಹೋ! ಹೋ! ಹೋಯ್!” ಎಂದು ಕೂಗಿದ. ಐದು ತಿಂಗಳ ಜಡ ಒಂದೇ ಕೂಗಿಗೆ ಮೈ ಬಿಟ್ಟು ಹೋಯಿತು. ಅವನು ನಗುತ್ತಿದ್ದ.

ಊರೆಲ್ಲ ಬದುವಿನ ಮೇಲೆ ಸ್ತಬ್ಧವಾಗಿ ನಿಂತಿತು. ಇದೇನು ಮಾಡುತ್ತಿದ್ದಾರೆಂದು ಯಾರೋ ಕೇಳಬಂದರು. ಮಣಿಯಗಾರರು ತುಟಿಯ ಮೇಲೆ ಬೆರಳಿಟ್ಟರು.

“ಶ್! ಪರೀಕ್ಷೆ ನಡೀತಾ ಇದೆ. ಗಲಾಟೆ ಮಾಡ್ಬೇಡಿ.”

ಎಲ್ಲರೂ ಕೈ ಕಟ್ಟಿ ನಿಂತರು. ಗಿಳಿಗಳಿಗೆ ಮಾತ್ರ ಓದು ಬರಹ ತಿಳಿಯದು. ಅವು ಹಕ್ಕಿ ಓಡಿಸುವವನನ್ನು ಕಂಡವು, ಹಾರಿಹೋದವು.